ಅಲೆವೂರಿನ ಗದ್ದೆಗೊಂದು ಬ್ಯಾಂಕಾಕ್ ಕಾರು

ಕಾಪು

ಥಾಯ್ಲೆಂಡಿಗೆ ಹೋಗಿ ಬಂದೆ ಎಂದರೆ ನಮ್ಮ ಕಾಪುವಿನಲ್ಲಿ ಜನ ಒಂದು ಬಗೆಯಾಗಿ ನಗುತ್ತಾರೆ. ಅಕ್ಕ, ಭಾವನ ಜೊತೆ ಹೋಗಿದ್ದೆ ಎಂದರೆ ನಗು ನಿಲ್ಲುತ್ತದೆ. ರಿಮೋಟ್ ಕಾರು ಆರಿಸಲು ಹೋಗಿದ್ದೆವು ಎಂದರೆ ಮತ್ತೆ ಶುರುವಾಗುತ್ತದೆ, ಈ ಸಲ ಹೊಟ್ಟೆ ಹಿಡಿದುಕೊಂಡು. ಆದ್ದರಿಂದ ಸಂಗತಿ ಏನೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನ್ನ ಅಕ್ಕನ ಗಂಡ ಶೇಖರಣ್ಣ ಮೂವತ್ತು ವರ್ಷ ಕಾಪುವಿನ ಕಡಲಲ್ಲಿ ನಾಡದೋಣಿ ನಡೆಸಿದವರು. ದೋಣಿಯ ಹಿಂದೆ ಔಟ್‌ಬೋರ್ಡ್ ಎಂಜಿನ್, ಅದರ ಹಿಡಿ ಅವರ ಕೈಯಲ್ಲಿ, ಮುಂದೆ ಬಲೆ ಮತ್ತು ಜನ. ಆಮೇಲೆ ಮೊಣಕಾಲು ಸವೆಯಿತು. ಇನ್ನು ದೋಣಿ ಕೆಲಸ ಬೇಡ ಎಂದರು ಮಣಿಪಾಲದ ಡಾಕ್ಟರು. ಅಂದಿನಿಂದ ಭಾವ ಜಗಲಿಯ ಕುರ್ಚಿಯಲ್ಲಿ ಕೂತರು, ಕಡಲಿಗೆ ಬೆನ್ನು ಹಾಕಿ, ಗೋಡೆ ನೋಡುತ್ತ. ಮೀನು ಮಾರಿ ಮಧ್ಯಾಹ್ನ ಮನೆಗೆ ಬರುವ ಅಕ್ಕ ಏನು ಕೇಳಿದರೂ ಹೂಂ, ಉಹುಂ, ಎರಡೇ ಉತ್ತರ. ಜಗಳಕ್ಕೂ ಸಿಗುತ್ತಿರಲಿಲ್ಲ. ಗಂಡ ಜಗಳಕ್ಕೂ ಸಿಗದೆ ಹೋದರೆ ಹೆಂಗಸಿಗೆ ಎಷ್ಟು ಹೆದರಿಕೆಯಾಗುತ್ತದೆ ಎಂದು ನನಗೆ ಗೊತ್ತಾದದ್ದು ಆಗ.

ನಾನು ಕಾಪು ಪೇಟೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವವನು. ಮೀನುಗಾರರ ಮನೆಯಲ್ಲಿ ಹುಟ್ಟಿಯೂ ದೋಣಿ ಹತ್ತಿದರೆ ವಾಂತಿ ಮಾಡುವ ಜೀವ. ಆದ್ದರಿಂದ ದಡದಲ್ಲೇ ಉಳಿದೆ. ಒಂದು ಭಾನುವಾರ ಅಲೆವೂರಿನ ವಿಠಲಣ್ಣ ತಮ್ಮ ಗದ್ದೆಗೆ ಮೈಕ್ ಸರಿಮಾಡಲು ಕರೆದರು. ಸುಮ್ಮನೆ ಇರಲಿ ಎಂದು ಭಾವನನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ.

ಅಲ್ಲಿ ನಡೆಯುತ್ತಿದ್ದದ್ದು ರಿಮೋಟ್ ಕಾರುಗಳ ರೇಸು. ಇದನ್ನು ಶುರು ಮಾಡಿದವರು ಮಣಿಪಾಲದ ಇಂಜಿನಿಯರಿಂಗ್ ಹುಡುಗರು. ಕೊಯ್ಲು ಮುಗಿದ ಗದ್ದೆಯಲ್ಲಿ ಮಣ್ಣು ಎರಚುತ್ತ ಹೊಂಡ, ದಿಬ್ಬ ಹಾರುವ ಗಾಡಿಗಳನ್ನು ಓಡಿಸುತ್ತಿದ್ದರು. ಕೋರ್ಸು ಮುಗಿದ ಮೇಲೆ ಹಾಸಿಗೆ, ಬಕೆಟುಗಳನ್ನು ಬಿಟ್ಟುಹೋದಂತೆ ಗಾಡಿಗಳನ್ನೂ ಬಿಟ್ಟುಹೋದರು. ಗದ್ದೆಯ ಯಜಮಾನ ವಿಠಲಣ್ಣ ಎಲ್ಲವನ್ನೂ ಒಟ್ಟುಹಾಕಿ ಊರವರಿಗೆ ಹಂಚಿದರು. ಕೊಯ್ಲಿನಿಂದ ಮೊದಲ ಮಳೆಯವರೆಗೆ ಈಗ ಅಲ್ಲಿ ರಿಕ್ಷಾದವರು, ಟೈಲ್ಸ್ ಹಾಕುವವರು, ಕಾರ್ಕಳದ ಒಬ್ಬ ಹಲ್ಲಿನ ಡಾಕ್ಟರು, ಎಲ್ಲರೂ ಸೇರುತ್ತಾರೆ. ವಿಠಲಣ್ಣನಿಗೆ ಗೊತ್ತಿರುವ ಓಟ ಒಂದೇ, ಕಂಬಳ. ಆದ್ದರಿಂದ ಮೈಕಿನಲ್ಲಿ ಗಾಡಿಗಳನ್ನೂ ಕೋಣಗಳಂತೆ ಮನೆತನದ ಹೆಸರು ಹಿಡಿದೇ ಕರೆಯುತ್ತಾರೆ. ಟ್ರ್ಯಾಕ್ ಕೂಡ ಕಂಬಳದ ಕೋಣ ಓಡುವ ಕರೆಯ ಹಾಗೆ ಉದ್ದಕ್ಕೆ: ಆ ತುದಿಯ ತೆಂಗಿನ ಬೊಡ್ಡೆಯವರೆಗೆ ಹೋಗುವುದು, ಸುತ್ತಿ ಬರುವುದು.

ಯಾರೋ ಭಾವನ ಕೈಗೆ ಒಂದು ರಿಮೋಟ್ ಕೊಟ್ಟರು. ಮನೆಗೆ ಮರಳುವಾಗ ಭಾವ ದಾರಿಯುದ್ದಕ್ಕೂ ಮಾತಾಡಿದರು. ಅಕ್ಕ ಆ ದಿನ ಒಳಗೆ ಹೋಗಿ ಸ್ವಲ್ಪ ಅತ್ತಳು, ಮತ್ತೆ ಬಂದು ಅವರ ಹತ್ತಿರ ಜಗಳವಾಡಿದಳು.

ತೊಂದರೆ ಏನೆಂದರೆ ಭಾವನ ಗಾಡಿ ಒಂದು ಸುತ್ತೂ ನೆಟ್ಟಗೆ ಮುಗಿಸುತ್ತಿರಲಿಲ್ಲ. ಹೋಗುವಾಗ ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿ ವಿಠಲಣ್ಣನ ಬಸಳೆ ಚಪ್ಪರಕ್ಕೆ ನುಗ್ಗುತ್ತಿತ್ತು. ಹೇಗೋ ಆ ತುದಿ ಮುಟ್ಟಿತೆಂದರೆ, ಬರುವುದನ್ನು ನೋಡಬೇಕು. ಒಂದು ಹೊಂಡಕ್ಕೂ ಬೀಳದೆ, ಒಂದು ಗಾಡಿಗೂ ತಾಗದೆ, ಬೆಣ್ಣೆಯ ಹಾಗೆ ಜಾರಿ ಬರುತ್ತಿತ್ತು. ನನ್ನ ಕಸುಬಿನಲ್ಲಿ ದೋಷ ಎಂದರೆ ಯಂತ್ರದ್ದೇ. ಚಕ್ರ ತಿರುಗಿಸುವ ಪುಟ್ಟ ಮೋಟಾರು ಬದಲಿಸಿದೆ, ವಯರು ಬದಲಿಸಿದೆ, ಚಕ್ರ ಬದಲಿಸಿದೆ. ಬಸಳೆ ಚಪ್ಪರ ಮಾತ್ರ ತಪ್ಪಲಿಲ್ಲ.

ಕೊನೆಗೆ ಭಾವನ ಗಾಡಿ ಹಲ್ಲಿನ ಡಾಕ್ಟರ ಗಾಡಿಯ ಮೇಲೆ ಹತ್ತಿ ಅದರ ಮುಂಭಾಗ ಮುರಿದಾಗ ವಿಠಲಣ್ಣ ಹತ್ತಿರ ಬಂದು ಬಹಳ ಮೆತ್ತಗೆ ಹೇಳಿದರು, “ಶೇಖರಣ್ಣ, ಒಂದು ಒಳ್ಳೆಯ ಗಾಡಿ ಮಾಡಿಕೊಳ್ಳಿ. ಮುಂದಿನ ಸೀಸನ್ನಿನ ಮೊದಲ ರೇಸು ಅದು ಮುಗಿಸದಿದ್ದರೆ ನೀವು ಬಾವುಟ ಹಿಡಿಯಿರಿ. ನಾನೇ ಒಂದು ಒಳ್ಳೆಯ ಕುರ್ಚಿ ಹಾಕಿಸುತ್ತೇನೆ.”

ಕುರ್ಚಿ ಎಂದದ್ದನ್ನು ಕೇಳಿ, ಆ ದಿನ ನಮ್ಮ ಜೊತೆ ಬಂದಿದ್ದ ಅಕ್ಕನ ಮುಖ ಬಿಳಿಚಿತು.

ಗಾಡಿಯನ್ನು ಫೋನಿನಲ್ಲಿ ತರಿಸೋಣ ಎಂದೆ. ಭಾವ ಒಪ್ಪಲಿಲ್ಲ. ನಮ್ಮವರು ದೋಣಿ ಕೊಳ್ಳುವಾಗ ಹಲಗೆ ಬಡಿದು ನೋಡುತ್ತಾರೆ, ನೀರಿಗಿಳಿಸಿ ಅಲೆ ದಾಟಿಸಿ ಒಂದು ಸುತ್ತು ಹೊಡೆಯುತ್ತಾರೆ, ಆಮೇಲಷ್ಟೇ ಮಾತು. ಚಿತ್ರ ನೋಡಿ ಕೊಳ್ಳುವುದು ಎಂದರೆ ಅವರಿಗೆ ಅಸಹ್ಯ. ಗಾಡಿ ಬಿಟ್ಟುಹೋದ ಹುಡುಗರಲ್ಲೊಬ್ಬನನ್ನು ಕೇಳಿದೆ. ಬ್ಯಾಂಕಾಕಿನ ಹೊರವಲಯದಲ್ಲಿ ಒಂದು ಅಂಗಡಿ ಉಂಟು, ಅವರದ್ದೇ ಟ್ರ್ಯಾಕ್ ಉಂಟು, ಓಡಿಸಿ ನೋಡಿಯೇ ಕೊಳ್ಳಬಹುದು ಎಂದು ಅವನು ತಿಳಿಸಿದ. ಅದನ್ನು ಕೇಳಿ ಅಕ್ಕ ಹೇಳಿದ್ದು ಇಷ್ಟೇ, “ಹಾಗಾದರೆ ಹೋಗಿ ಬರುವ. ನಾನೂ ಬರುತ್ತೇನೆ.”

ವಿಮಾನ ನಿಲ್ದಾಣದಲ್ಲಿ ಮಣ್ಣು

ಮಣ್ಣು ಕೊಂಡೊಯ್ಯುವ ಬುದ್ಧಿವಂತಿಕೆ ನನ್ನದು. ಟಯರಿನ ಹಿಡಿತ ನೋಡಬೇಕಾದರೆ ಅಲೆವೂರಿನ ಗದ್ದೆಯ ಮಣ್ಣಿನ ಮೇಲೆಯೇ ನೋಡಬೇಕು, ಪರದೇಶದ ಮಣ್ಣಿನ ಮೇಲೆ ನೋಡಿ ಏನು ಪ್ರಯೋಜನ ಎಂದು ನನ್ನ ವಾದ. ಅಕ್ಕ ಬಿಳಿ ಬಟ್ಟೆಯ ಚೀಲ ಹೊಲಿದಳು, ಬಾಯಿಗೆ ಕೆಂಪು ದಾರ ಕಟ್ಟಿದಳು. ಅದರ ಜೊತೆಗೆ ಒಣ ಸಿಗಡಿಯ ಚಟ್ನಿ, ಕುಚ್ಚಲಕ್ಕಿ, ಭಾವನ ಮೊಣಕಾಲಿಗೆ ಹಚ್ಚುವ ಎಣ್ಣೆ.

ಬ್ಯಾಂಕಾಕಿನಲ್ಲಿ ಇಳಿದಾಗ ಚಟ್ನಿಯ ಬಗ್ಗೆ ಯಾರೂ ಕೇಳಲಿಲ್ಲ. ಮಣ್ಣಿನ ಚೀಲವನ್ನು ಮಾತ್ರ ಒಬ್ಬಳು ಅಧಿಕಾರಿ ಮೇಜಿನ ಮೇಲಿಟ್ಟು ಇದೇನು ಎಂದಳು. ಮಣ್ಣು, ಕಾರಿಗೆ ಎಂದೆ ನನ್ನ ಇಂಗ್ಲಿಷಿನಲ್ಲಿ. ಅವಳು ತನ್ನ ಹಿರಿಯ ಅಧಿಕಾರಿಯೊಬ್ಬರನ್ನು ಕರೆದಳು. ಬಿಳಿ ಬಟ್ಟೆ, ಕೆಂಪು ದಾರ, ಒಳಗೆ ಕೆಂಪು ಮಣ್ಣು. ಯಾರದೋ ಅಸ್ಥಿ ಎಂದುಕೊಂಡರೋ ಏನೋ, ಆ ಹಿರಿಯರು ಒಮ್ಮೆ ಚೀಲ ನೋಡಿದರು, ಒಮ್ಮೆ ನಮ್ಮನ್ನು ನೋಡಿದರು. ಭಾವನಿಗೆ ಯೂನಿಫಾರ್ಮ್ ಕಂಡರೆ ಗಾಬರಿ, ಗಾಬರಿಯಾದರೆ ಕೈ ತಾನಾಗಿ ಮುಗಿಯುತ್ತದೆ. ಕೈ ಮುಗಿದವರಿಗೆ ಕೈ ಮುಗಿಯದೆ ಇರುವುದು ಆ ದೇಶದಲ್ಲಿ ಸಾಧ್ಯವೇ ಇಲ್ಲ. ಹಿರಿಯರು ಮುಗಿದರು. ಅಕ್ಕ ಮುಗಿದಳು. ಆ ಹುಡುಗಿಯೂ ಮುಗಿದಳು. ನಮ್ಮ ಹಿಂದಿನ ಸಾಲಿನಲ್ಲಿದ್ದ ಒಬ್ಬ ಬಿಳಿಯನೂ ತಾನ್ಯಾಕೆ ಸುಮ್ಮನಿರಲಿ ಎಂದು ಮುಗಿದ.

ಇಷ್ಟಾಗಿಯೂ ಕಾನೂನು ಕಾನೂನೇ. ಮಣ್ಣು ಒಳಗೆ ತರುವ ಹಾಗಿಲ್ಲ. ಹಿರಿಯರು ಚೀಲವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ತಲೆ ಬಗ್ಗಿಸಿ, ನಿಧಾನವಾಗಿ ನಡೆದು ಹೋಗಿ ಮೂಲೆಯ ತೊಟ್ಟಿಯಲ್ಲಿ ಮಲಗಿಸಿದರು. ತನ್ನ ಸಾಮಾನನ್ನು ಯಾರೂ ಈವರೆಗೆ ಇಷ್ಟು ಮರ್ಯಾದೆಯಿಂದ ಬಿಸಾಡಿಲ್ಲ ಎಂದಳು ಅಕ್ಕ.

ಅಂಗಡಿ

ಬೆಳಿಗ್ಗೆ ಅಂಗಡಿಗೆ ಹೋಗುವ ದಾರಿಯಲ್ಲಿ ಮೀನು ಮಾರ್ಕೆಟು ಸಿಕ್ಕಿತು. ಅಕ್ಕನನ್ನು ಅಲ್ಲಿಂದ ಎಳೆದು ತರುವುದೇ ದೊಡ್ಡ ಕೆಲಸವಾಯಿತು. ನಮ್ಮ ಬಂಗುಡೆಯ ದಾಯಾದಿ ಒಂದು ಮೀನು ಅವರಲ್ಲಿ ಉಂಟು. ಅದನ್ನು ಬೇಯಿಸಿ ಪುಟ್ಟ ಬಿದಿರಿನ ಬುಟ್ಟಿಗಳಲ್ಲಿ ಮಾರುತ್ತಾರೆ. ಬುಟ್ಟಿ ಚಿಕ್ಕದು, ಮೀನು ಉದ್ದ. ಹಾಗಾಗಿ ಪ್ರತಿ ಮೀನಿನ ಕುತ್ತಿಗೆ ಮುರಿದು ತಲೆ ಬಗ್ಗಿಸಿ ಕೂರಿಸಿರುತ್ತಾರೆ. ಅಕ್ಕನಿಗೆ ಕೋಪ ಬಂತು. ಬುಟ್ಟಿ ದೊಡ್ಡದು ಮಾಡುವುದು ಬಿಟ್ಟು ಮೀನಿನ ಕುತ್ತಿಗೆ ಮುರಿಯುವುದು ಎಲ್ಲಿಯ ನ್ಯಾಯ ಎಂದು ಆ ಮಾರುವ ಹೆಂಗಸಿಗೆ ತುಳುವಿನಲ್ಲೇ ಕೇಳಿದಳು. ಅವಳು ನಕ್ಕು ಥಾಯಿಯಲ್ಲಿ ಉತ್ತರ ಕೊಟ್ಟಳು. ಇಬ್ಬರೂ ತುಂಬ ಹೊತ್ತು ಮಾತಾಡಿದರು, ಯಾರಿಗೂ ಏನೂ ಅರ್ಥವಾಗಲಿಲ್ಲ, ಕೊನೆಗೆ ಒಬ್ಬರ ಕೈ ಒಬ್ಬರು ಹಿಡಿದು ಬೀಳ್ಕೊಟ್ಟರು. ಮೀನು ಮಾರುವವರ ನಡುವೆ ಅದೇನು ನಡೆಯುತ್ತದೋ ನನಗೆ ತಿಳಿಯದು.

ಅಂಗಡಿಯ ಎದುರು ಕಂಬದ ಮೇಲೆ ಒಂದು ಪುಟ್ಟ ಗುಡಿ. ಆ ಜಾಗದ ದೈವಕ್ಕಂತೆ. ಅಲ್ಲಿನ ಪ್ರತಿ ಕಟ್ಟಡದ ಎದುರೂ ಒಂದು ಉಂಟು. ನಮ್ಮಲ್ಲಿ ಎಳನೀರು ಇಡುವಲ್ಲಿ ಅವರು ಕೆಂಪು ಸೋಡಾದ ಬಾಟಲಿ ಇಡುತ್ತಾರೆ, ಮುಚ್ಚಳ ತೆಗೆದು, ಕುಡಿಯಲು ಸ್ಟ್ರಾ ಹಾಕಿ. ಈ ಗುಡಿಯಲ್ಲಿ ಸೋಡಾದ ಪಕ್ಕ ಒಂದು ಸಣ್ಣ ರಿಮೋಟ್ ಕಾರು ಕೂಡ ಇತ್ತು. ದೈವಕ್ಕೆ ಹೊತ್ತು ಹೋಗಬೇಕಲ್ಲ ಎಂದು ಅಕ್ಕ ಅರ್ಥ ಮಾಡಿಕೊಂಡಳು. ಭಾವ ಚಪ್ಪಲಿ ಕಳಚಿ, ನಮ್ಮೂರಿನ ದೈವಕ್ಕೆ ಹೇಳುವ ಹಾಗೆಯೇ, ಒಂದು ಸುತ್ತು ಮುಗಿಸುವ ಹಾಗೆ ಮಾಡು ಎಂದು ಗಟ್ಟಿಯಾಗಿ ಕೇಳಿಕೊಂಡರು.

ಅಂಗಡಿಯವರ ಹೆಸರು ಸೊಮ್‌ಚಾಯ್. ನನ್ನಷ್ಟೇ ಇಂಗ್ಲಿಷು, ಆದ್ದರಿಂದ ನಮಗೆ ಚೆನ್ನಾಗಿ ಹೊಂದಿಕೆಯಾಯಿತು. ಅವರು ಮೂರು ಜಾತಿಯ ಗಾಡಿ ತೋರಿಸಿದರು. ಒಂದು, ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ, ಬಗ್ಗಿ ಎಂಬ ಹಗುರ ಗಾಡಿ. ವೇಗ ಹೆಚ್ಚು, ಹುಚ್ಚೂ ಹೆಚ್ಚು. ಇನ್ನೊಂದು, ನಾಲ್ಕೂ ಚಕ್ರ ಎಳೆಯುವ ಬಗ್ಗಿ. ರೇಸು ಗೆಲ್ಲುವವರೆಲ್ಲ ಕೊಳ್ಳುವುದು ಅದನ್ನು. ಮೂರನೆಯದು ದಪ್ಪ ಟಯರಿನ, ಅಗಲ ಮೈಯ ಟ್ರಕ್ಕು. ಭಾರ, ನಿಧಾನ, ಆದರೆ ಏನು ತಾಗಿದರೂ ಅದಕ್ಕೆ ಏನೂ ಆಗುವುದಿಲ್ಲ.

ಭಾವ ಒಂದೊಂದನ್ನೂ ಎತ್ತಿ ಬೆರಳ ಗಂಟಿನಿಂದ ಬಡಿದು ಕಿವಿಗೊಟ್ಟು ಕೇಳಿದರು. ಮಗುಚಿ ಅಡಿ ನೋಡಿದರು. ಮೂಸಿದರು. ಮುಂಭಾಗ ತಮ್ಮ ಕಣ್ಣಿಗೆ ನೇರ ಹಿಡಿದು ಒಂದು ಕಣ್ಣು ಮುಚ್ಚಿ ಬಾಗು ಉಂಟೋ ಎಂದು ಪರೀಕ್ಷಿಸಿದರು. ಸೊಮ್‌ಚಾಯ್ ಇದನ್ನೆಲ್ಲ ನಗುತ್ತ ನೋಡುತ್ತಿದ್ದವರು ಕೊನೆಗೆ ತಾವೂ ಒಂದು ಗಾಡಿ ಎತ್ತಿ ಮೆಲ್ಲಗೆ ಮೂಸಿದರು.

ಊರಾಚೆಯ ಟ್ರ್ಯಾಕ್

ಟ್ರ್ಯಾಕ್ ಕಂಡ ಕೂಡಲೇ ಭಾವ ನಿಂತುಬಿಟ್ಟರು. ಕೆಂಪು ಮಣ್ಣು. ಕಾರ್ಕಳದ ಕಡೆ ಕಲ್ಲು ಕಡಿದ ಜಾಗದಲ್ಲಿರುವಂಥ, ಸಣ್ಣ ಹರಳು ಸೇರಿದ ಅಪ್ಪಟ ಮುರಕಲ್ಲಿನ, ಜಂಬಿಟ್ಟಿಗೆಯ ಮಣ್ಣು. ಒಂದು ಹಿಡಿ ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದರು.

“ಇದು ನಮ್ಮದೇ ಮಾರಾಯ. ಅಲ್ಲಿ ತೆಗೆದುಕೊಂಡು ಇಲ್ಲಿ ತಂದು ಹಾಕಿದ್ದಾರೆ.”

ಅಷ್ಟು ಚಿಕ್ಕ ಚೀಲದಲ್ಲಿ ಇಷ್ಟು ದೊಡ್ಡ ಮೈದಾನ ಆಗುವುದಿಲ್ಲ ಭಾವ ಎಂದು ನಾನು ವಿವರಿಸಬೇಕಾಯಿತು. ಅವರು ಪೂರ್ತಿ ನಂಬಲಿಲ್ಲ.

ಓಡಿಸುವವರು ನಿಲ್ಲಲು ಹಲಗೆಯ ಅಟ್ಟ ಇತ್ತು. ಸಂಜೆ ಆಫೀಸು ಬಿಟ್ಟು ಬಂದ ಹತ್ತಾರು ಜನ ಅಲ್ಲಿದ್ದರು. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಎಲ್ಲರೂ ಎಲ್ಲರಿಗೂ ಸಲಹೆ ಕೊಟ್ಟು ಎರಡು ಜಗಳ ಮುಗಿದಿರುತ್ತಿತ್ತು. ಇಲ್ಲಿ ಯಾರೂ ಗಂಟಲು ಏರಿಸುವುದಿಲ್ಲ. ಒಬ್ಬನ ಗಾಡಿ ಇನ್ನೊಬ್ಬನಿಗೆ ಗುದ್ದಿದರೆ ಗುದ್ದಿಸಿಕೊಂಡವನೇ ಮೊದಲು ನಗುತ್ತಾನೆ.

ಭಾವ ಹಗುರ ಬಗ್ಗಿ ಹಿಡಿದರು. ಅದು ಎಡಕ್ಕೆ ಹೋಗಬೇಕಾದಲ್ಲಿ ಬಲಕ್ಕೆ ಹೋಗಿ ಬೇಲಿಗೆ ಬಡಿಯಿತು. ಎರಡನೆಯ ಬಗ್ಗಿ ಹಿಡಿದರು. ಅದೇ ಬೇಲಿ, ಸ್ವಲ್ಪ ಇನ್ನಷ್ಟು ಜೋರಾಗಿ. ಟ್ರಕ್ಕು ಹಿಡಿದರು, ಅದು ಬೇಲಿಗೆ ಬಡಿದು ಬೇಲಿಯೇ ವಾಲಿತು. ಪ್ರತಿ ಸಲವೂ ಸೊಮ್‌ಚಾಯ್ ಹೋಗಿ ಎತ್ತಿ ಆ ತುದಿಯಲ್ಲಿ ಇಡುತ್ತಿದ್ದರು, ಅಲ್ಲಿಂದ ಗಾಡಿ ರಾಜನ ಹಾಗೆ ಮರಳುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಹೋಗುವಾಗ ಮೌನ, ಬರುವಾಗ ಚಪ್ಪಾಳೆ. ಮೂರೂ ಗಾಡಿಯಲ್ಲಿ ಒಂದೇ ದೋಷ ಇರುವುದು ಹೇಗೆಂದು ನನ್ನ ತಲೆ ಕೆಟ್ಟುಹೋಯಿತು. ಭಾವ ಮಾತ್ರ, ಈ ಅಂಗಡಿಯ ಗಾಡಿಗಳೆಲ್ಲ ಹೋಗುವಾಗ ಬದಿಗೆ ಎಳೆಯುತ್ತವೆ ಎಂದು ಖಡಾಖಂಡಿತ ಹೇಳಿದರು.

ಅಷ್ಟರಲ್ಲಿ ಸಂಜೆಯ ಆರು ಗಂಟೆಗೆ ಎಲ್ಲೋ ಧ್ವನಿವರ್ಧಕದಲ್ಲಿ ಅವರ ರಾಷ್ಟ್ರಗೀತೆ ಮೊಳಗಿತು. ಆ ಹೊತ್ತಿಗೆ ಎಲ್ಲಿದ್ದರೂ ನಿಂತಲ್ಲೇ ನಿಲ್ಲುವುದು ಅಲ್ಲಿನ ಪದ್ಧತಿ. ಎಲ್ಲರೂ ಗಾಡಿ ನಿಲ್ಲಿಸಿ ನೆಟ್ಟಗೆ ನಿಂತರು. ನಾವೂ ನಿಂತೆವು. ಭಾವ ಎಲ್ಲರಿಗಿಂತ ಹೆಚ್ಚು ನೆಟ್ಟಗೆ ನಿಂತರು, ಅದೇ ತಪ್ಪಾದದ್ದು. ಮೈ ಬಿಗಿಮಾಡುವಾಗ ಬೆರಳೂ ಬಿಗಿಯಾಗಿ ರಿಮೋಟಿನ ಗುಂಡಿ ಒತ್ತಿಹೋಯಿತು. ಇಡೀ ಮೈದಾನ ಸ್ತಬ್ಧವಾಗಿರುವಾಗ ನಮ್ಮ ಟ್ರಕ್ಕೊಂದೇ ಪೂರ್ತಿ ವೇಗದಲ್ಲಿ ಹೊರಟಿತು. ದಿಬ್ಬ ಹಾರಿತು, ಚಹಾದ ಮೇಜಿನ ಕಾಲಿನ ನಡುವೆ ನುಸುಳಿತು, ಒಬ್ಬರ ಬೂಟಿನ ಮೇಲೆ ಹತ್ತಿ ಇಳಿಯಿತು. ಬೂಟಿನವರು ಕಣ್ಣು ಕೂಡ ಮಿಟುಕಿಸಲಿಲ್ಲ. ಗೀತೆ ಮುಗಿಯುವ ಹೊತ್ತಿಗೆ ಅದು ಚರಂಡಿಯಲ್ಲಿ ಮಗುಚಿ ಬಿದ್ದು ಚಕ್ರ ತಿರುಗಿಸುತ್ತಿತ್ತು. ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು, ನಮ್ಮ ಹೊರತು.

ಹೋಟೆಲಿಗೆ ಮರಳುವಾಗ ಭಾವ ಹೂಂ, ಉಹುಂ ಎಂಬಲ್ಲಿಗೆ ಬಂದಿದ್ದರು. ಕೋಣೆಯಲ್ಲಿ ಒಂದು ಕುರ್ಚಿ ಇತ್ತು. ಹೋಗಿ ಅದರಲ್ಲಿ ಕೂತು ಗೋಡೆ ನೋಡಿದರು. ನನಗೆ ನಿಜವಾಗಿ ಭಯವಾಯಿತು. ಅಕ್ಕ ಹೊರಗೆ ಬಂದು ನನ್ನ ಹತ್ತಿರ, ನಾಳೆ ಇವರನ್ನು ನೀರು ಇರುವಲ್ಲಿಗೆ ಕರೆದುಕೊಂಡು ಹೋಗು, ಕಾರು ಹಾಳಾಗಿ ಹೋಗಲಿ ಎಂದಳು.

ಕಾಲುವೆ

ಬ್ಯಾಂಕಾಕಿನೊಳಗೆ ಕಾಲುವೆಗಳಿವೆ, ಕಾಲುವೆಗಳಲ್ಲಿ ಉದ್ದ ಬಾಲದ ದೋಣಿಗಳಿವೆ. ಲಾರಿಯಿಂದ ಕಿತ್ತು ತಂದಂಥ ಎಂಜಿನ್ನು ಹಿಂದೆ, ಅದರಿಂದ ನೀರಿನವರೆಗೆ ಚಾಚಿದ ಉದ್ದ ಸರಳು, ಅದರ ತುದಿಯಲ್ಲಿ ಪಂಖ. ನಡೆಸುವವನು ಎಂಜಿನ್ನಿನ ಹಿಡಿಯನ್ನು ಹಿಡಿದು ಇಡೀ ಎಂಜಿನ್ನನ್ನೇ ಅತ್ತಿತ್ತ ತಿರುಗಿಸುತ್ತಾನೆ.

ಅಕ್ಕ ಹತ್ತುವಾಗ ಸೆರಗು ಬಿಗಿದು ನನ್ನ ತೋಳು ಹಿಡಿದುಕೊಂಡಳು. ಕೂತ ಮೇಲೆ ನಿಧಾನವಾಗಿ ಹೇಳಿದಳು, “ದೋಣಿಯಲ್ಲಿ ಕೂತದ್ದು ಇದೇ ಮೊದಲು.” ಯೋಚಿಸಿದರೆ ನಿಜ. ನಮ್ಮಲ್ಲಿ ಹೆಂಗಸರು ಕಡಲಿಗೆ ಹೋಗುವ ವಾಡಿಕೆ ಇಲ್ಲ. ಮೂವತ್ತು ವರ್ಷ ದೋಣಿಯವನ ಹೆಂಡತಿಯಾಗಿದ್ದು ಅವಳು ದೋಣಿ ಕಂಡದ್ದೆಲ್ಲ ದಡದಿಂದಲೇ.

ಭಾವ ಮುಂದೆ ನೋಡಲೇ ಇಲ್ಲ. ಎಂಜಿನ್ನಿನತ್ತ ತಿರುಗಿ ಕೂತು ದೋಣಿಯವನ ಕೈಯನ್ನೇ ನೋಡುತ್ತಿದ್ದರು. ಅವನು ಮುದುಕ, ಹಲ್ಲು ಹೆಚ್ಚು ಇರಲಿಲ್ಲ. ಭಾವ ಎರಡು ಸಲ ಅಲೆ ಬರುವ ಮೊದಲೇ ಮೈ ವಾಲಿಸಿದ್ದನ್ನು ಕಂಡು ಇವರೂ ದೋಣಿಯವರೇ ಎಂದು ಅವನಿಗೆ ಗುರುತು ಹತ್ತಿತು. ಜನ ಕಡಿಮೆಯಾದ ಒಂದು ಅಗಲ ಜಾಗದಲ್ಲಿ ಸರಿದು ಕೂತು, ಬಾ ಎಂದು ಕಣ್ಣಿನಲ್ಲೇ ಕರೆದ.

ಭಾವ ಹೋಗಿ ಹಿಡಿ ಹಿಡಿದರು. ಮೊಣಕಾಲು ನೋವು, ಡಾಕ್ಟರು, ಯಾವುದೂ ಇಲ್ಲ. ಎದುರಿನಿಂದ ತರಕಾರಿ ದೋಣಿ ಬಂತು. ಭಾವ ಹಿಡಿಯನ್ನು ಎಡಕ್ಕೆ ನೂಕಿದರು, ದೋಣಿ ಬಲಕ್ಕೆ ಹೊರಳಿತು. ಸೇತುವೆಯ ಕಂಬ ಬಂತು. ಹಿಡಿ ಬಲಕ್ಕೆ, ದೋಣಿ ಎಡಕ್ಕೆ. ನಾನು ಅಂಚು ಹಿಡಿದು ನೀರಿನತ್ತ ಬಗ್ಗಿದ್ದೆ. ಬಗ್ಗಿದವನು ಹಾಗೇ ತಲೆ ಎತ್ತಿ ನೋಡಿದೆ. ಹಿಡಿ ಎಡಕ್ಕೆ, ದೋಣಿ ಬಲಕ್ಕೆ.

ಅಯ್ಯೋ ದೇವರೇ ಎಂದುಕೊಂಡೆ. ಮೂವತ್ತು ವರ್ಷ ಆ ಕೈ ಎಡಕ್ಕೆ ಹೋಗಬೇಕಾದರೆ ಬಲಕ್ಕೆ ನೂಕಿದೆ. ರಿಮೋಟಿನಲ್ಲೂ ಹಾಗೇ ಮಾಡುತ್ತಿದೆ. ಗಾಡಿ ನಮ್ಮಿಂದ ದೂರ ಹೋಗುವಾಗ ಅದು ತಪ್ಪು. ಆದರೆ ಗಾಡಿ ನಮ್ಮ ಕಡೆಗೆ ಮುಖ ಮಾಡಿದ ಮೇಲೆ ಅದರ ಎಡ ನಮ್ಮ ಬಲ. ಬೇರೆಯವರೆಲ್ಲ ತಡವರಿಸುವುದು ಅಲ್ಲೇ, ಭಾವನಿಗೆ ಮಾತ್ರ ಉಲ್ಟಾಕ್ಕೆ ಉಲ್ಟಾ ಸೇರಿ ಎಲ್ಲವೂ ಸರಿ. ದೋಷ ಯಾವ ಗಾಡಿಯಲ್ಲೂ ಇರಲಿಲ್ಲ. ನಾನು ಬಿಚ್ಚಿ ಹಾಕಿದ ಮೋಟಾರುಗಳೆಲ್ಲ ಆರೋಗ್ಯವಾಗಿದ್ದವು. ಇದನ್ನು ಹೇಳಲು ಬಾಯಿ ತೆರೆದೆ, ಆದರೆ ಬಂದದ್ದು ಬೆಳಗಿನ ಗಂಜಿ.

ಮತ್ತೆ ಟ್ರ್ಯಾಕ್

ಮರುದಿನ ಸೊಮ್‌ಚಾಯ್ ಅವರಿಗೆ ಕೈಸನ್ನೆ ಮಾಡಿ ವಿಷಯ ತಿಳಿಸಿದೆ. ಅವರು ಮುಗುಳ್ನಕ್ಕು ರಿಮೋಟಿನ ಬದಿಯ ಒಂದು ಚಿಕ್ಕ ಸ್ವಿಚ್ಚು ಸರಿಸಿದರು. ಎಡ ಬಲವನ್ನು ಅದಲು ಬದಲು ಮಾಡುವ ಸ್ವಿಚ್ಚು ಪ್ರತಿ ರಿಮೋಟಿನಲ್ಲೂ ಇರುತ್ತದಂತೆ. ಇಷ್ಟೇ ವಿಷಯಕ್ಕೆ ಸಮುದ್ರ ದಾಟಿ ಬಂದೆವೇ ಎಂದು ನನಗೆ ಅಳು ಬರುವ ಹಾಗಾಯಿತು.

ಟ್ರಕ್ಕು ಹೋಯಿತು. ಬೇಲಿ ತಪ್ಪಿತು. ಜನ ಉಸಿರು ಬಿಟ್ಟರು. ಆದರೆ ಆ ತುದಿಯಲ್ಲಿ ತಿರುಗಿ ಬರುವಾಗ ಅದಕ್ಕೆ ಹುಚ್ಚು ಹಿಡಿಯಿತು. ಅತ್ತ ಹೊರಳಿತು, ಇತ್ತ ಉರುಳಿತು, ಕೊನೆಗೆ ದಿಬ್ಬದಿಂದ ಅಟ್ಟದ ಮೇಲಕ್ಕೇ ಹಾರಿ ಭಾವನ ನೋವಿನ ಮೊಣಕಾಲಿಗೇ ಬಡಿಯಿತು. ಬೆಣ್ಣೆಯ ಹಾಗೆ ಬರುತ್ತಿದ್ದ ಗಾಡಿ ಇದೇ ಎಂದು ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಭಾವ ಕಾಲು ತಿಕ್ಕಿಕೊಂಡು, ರಿಮೋಟಿಗೆ ಚಾಚಿದ ನನ್ನ ಕೈಯನ್ನು ಬದಿಗೆ ಸರಿಸಿ, ತಾವೇ ಸ್ವಿಚ್ಚನ್ನು ಹಿಂದಕ್ಕೆ ದೂಡಿದರು.

“ಹೋಗಲಿಕ್ಕೆ ಯಾರಿಗಾದರೂ ಬರುತ್ತದೆ ಸುಧಾಕರ. ತಿರುಗಿ ದಡಕ್ಕೆ ತರುವುದು ಕೆಲಸ. ಅದನ್ನು ಕೆಡಿಸಬೇಡ.”

ಹೇಳಿದ್ದು ಗಾಡಿಯ ಬಗ್ಗೆಯೇ, ಆದರೂ ನಾನು ಆ ಸ್ವಿಚ್ಚನ್ನು ಮತ್ತೆ ಮುಟ್ಟಲಿಲ್ಲ.

ಅಕ್ಕ ಅಷ್ಟು ಹೊತ್ತು ಅಟ್ಟದ ಮೇಲೆ ಸುಮ್ಮನೆ ನಿಂತಿದ್ದಳು. ಭಾವ ಬೇಸರದಿಂದ ರಿಮೋಟನ್ನು ಅವಳ ಕೈಯಲ್ಲಿಟ್ಟು ನೀರು ಕುಡಿಯಲು ಬಗ್ಗಿದರು. ಕೈಯಲ್ಲಿ ಬಂದದ್ದನ್ನು ಸುಮ್ಮನೆ ಹಿಡಿದುಕೊಳ್ಳುವುದು ಅಕ್ಕನಿಗೆ ಗೊತ್ತಿಲ್ಲ. ಗುಂಡಿ ಒತ್ತಿದಳು. ಟ್ರಕ್ಕು ಹೊರಟಿತು. ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ, ಸಂತೆಯಲ್ಲಿ ಜನರ ನಡುವೆ ಬುಟ್ಟಿ ಹೊತ್ತು ನುಗ್ಗುವವಳ ಹಾಗೆ ದಾರಿ ಮಾಡಿಕೊಂಡು ಆ ತುದಿಯವರೆಗೆ ಕೊಂಡುಹೋದಳು. ಅಲ್ಲಿ ಅದು ತಿರುಗಿ ಇವಳ ಕಡೆ ಮುಖ ಮಾಡಿತು. ಅಕ್ಕನ ಕೈ ನಿಂತಿತು.

“ಈಗ ಇದರ ಎಡ ಎಲ್ಲಿ ಉಂಟು? ತೆಗೆದುಕೊಳ್ಳಿ, ನನಗೆ ಗೊತ್ತಾಗುವುದಿಲ್ಲ.”

ಭಾವ ಬಾಯಲ್ಲಿದ್ದ ನೀರು ನುಂಗಿ ರಿಮೋಟ್ ತೆಗೆದುಕೊಂಡರು. ಟ್ರಕ್ಕು ಬಂತು, ಬೆಣ್ಣೆಯ ಹಾಗೆ. ಅಟ್ಟದ ಬುಡದಲ್ಲಿ ತಿರುಗಿಸಿ ಮತ್ತೆ ಅಕ್ಕನ ಕೈಗೆ ಕೊಟ್ಟರು. ಅದು ಹೋಯಿತು. ಬಂತು. ಹೋಯಿತು. ಬಂತು. ಬೇರೆ ಗಾಡಿಯವರು ತಮ್ಮದನ್ನು ನಿಲ್ಲಿಸಿ ನೋಡತೊಡಗಿದರು. ಸೊಮ್‌ಚಾಯ್ ನನ್ನ ಬದಿಗೆ ಬಂದು ಬಹಳ ಗಂಭೀರವಾಗಿ, ನಿಮ್ಮ ದೇಶದಲ್ಲಿ ರೇಸು ಹೀಗೆಯೇ ಮಾಡುವುದೇ ಎಂದು ಕೇಳಿದರು. ಹೌದು ಎಂದೆ.

ಯಾವ ಗಾಡಿ ಎಂಬ ಪ್ರಶ್ನೆ ಅದರೊಂದಿಗೆ ತಾನಾಗಿ ತೀರ್ಮಾನವಾಯಿತು. ಬಗ್ಗಿಗಳು ಬೆರಳು ತೆಗೆದರೂ ಜಾರಿ ಮುಂದೆ ಹೋಗುತ್ತವೆ. ರಿಮೋಟ್ ಕೈ ಬದಲಾಗುವಷ್ಟರಲ್ಲಿ ಬೇಲಿ ಸೇರುತ್ತವೆ. ಟ್ರಕ್ಕಿನಲ್ಲಿ ಬೆರಳು ಬಿಟ್ಟ ಕೂಡಲೇ ಬ್ರೇಕ್ ಹಿಡಿಯುವ ಏರ್ಪಾಡು ಇತ್ತು, ಭಾರವೂ ಇತ್ತು. ಬಿಟ್ಟರೆ ಅಲ್ಲೇ ನಿಂತು ಕಾಯುತ್ತಿತ್ತು. ಗೆಲ್ಲುವ ಗಾಡಿಯನ್ನು ಬಿಟ್ಟು ಕಾಯುವ ಗಾಡಿಯನ್ನು ಕೊಂಡ ಗಿರಾಕಿ ನಾವೇ ಮೊದಲಿನವರಿರಬೇಕು. ಹೊರಡುವ ಮೊದಲು ಅಕ್ಕ ಒಣ ಸಿಗಡಿ ಚಟ್ನಿಯ ಡಬ್ಬಿಯನ್ನು ಸೊಮ್‌ಚಾಯ್ ಅವರಿಗೆ ಕೊಟ್ಟಳು. ಅವರು ಮುಚ್ಚಳ ತೆಗೆದು ಮೂಸಿ, ಈ ಸಲ ನಿಜವಾಗಿ ನಕ್ಕರು.

ಅಲೆವೂರು

ಸೀಸನ್ನಿನ ಮೊದಲ ಭಾನುವಾರ ವಿಠಲಣ್ಣ ಮಾತಿಗೆ ತಪ್ಪಿರಲಿಲ್ಲ. ಗುರಿಯ ಗೆರೆಯ ಬದಿಗೆ ಬಾವುಟ ನೆಟ್ಟಿದ್ದರು, ಅದರ ಪಕ್ಕ ಕೈಯಿರುವ ಒಳ್ಳೆಯ ಕುರ್ಚಿ, ಕುಶನ್ ಸಹಿತ. ಅಕ್ಕ ಅದನ್ನು ಕಂಡು ಮುಖ ತಿರುಗಿಸಿದಳು.

ಇಬ್ಬರೂ ಒಂದೇ ರಿಮೋಟ್ ಹಿಡಿದು ಗದ್ದೆಯಂಚಿನ ಅಟ್ಟದ ಮೇಲೆ ಹತ್ತಿದಾಗ ಕಾರ್ಕಳದ ಹಲ್ಲಿನ ಡಾಕ್ಟರು ತಕರಾರು ತೆಗೆದರು. ಒಂದು ಗಾಡಿಗೆ ಇಬ್ಬರು ಎಂಬುದು ಯಾವ ದೇಶದ ನಿಯಮದಲ್ಲೂ ಇಲ್ಲ ಎಂದರು. ಅಜೆಕಾರಿನ ಒಬ್ಬರು ಅವರ ಪರ ಸೇರಿದರು. ಇಷ್ಟು ದೂರ ಹೋಗಿ ಬಂದು ಇಲ್ಲಿ ಕುರ್ಚಿ ಗೆದ್ದರೆ ಆ ಮನುಷ್ಯ ಮತ್ತೆ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ವಿಠಲಣ್ಣ ಮೈಕ್ ಹಿಡಿದೇ ಸ್ವಲ್ಪ ಯೋಚಿಸಿದರು, ಆ ಯೋಚನೆಯ ಉಸಿರು ಇಡೀ ಗದ್ದೆಗೆ ಕೇಳಿಸಿತು.

“ಕಂಬಳದಲ್ಲಿ ಓಡುವುದು ಎರಡು ಕೋಣ, ಲೆಕ್ಕಕ್ಕೆ ಒಂದೇ ಜೋಡಿ. ಎರಡು ಯಾಕೆ ಅಂತ ಇವತ್ತಿನವರೆಗೆ ಯಾರೂ ಕೇಳಿಲ್ಲ, ಅಲ್ವಾ?”

ಡಾಕ್ಟರು ತಮ್ಮ ಗಾಡಿಯತ್ತ ಮರಳಿದರು. ಕಾಪು ಪಡು ಹೊಸಮನೆ ಶೇಖರ, ಗಿರಿಜಾ ಜೋಡಿ ಎಂದು ಮೈಕಿನಲ್ಲಿ ಕರೆದೂ ಆಯಿತು. ತನ್ನನ್ನು ಕೋಣ ಎಂದದ್ದರ ವಿಚಾರ ರೇಸು ಮುಗಿದ ಮೇಲೆ ಮಾತಾಡುವುದಾಗಿ ಅಕ್ಕ ಪಿಸುಗುಟ್ಟಿದಳು.

ಗೆದ್ದದ್ದು ಡಾಕ್ಟರು, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಟ್ರಕ್ಕು ಪ್ರತಿ ಸುತ್ತಿನಲ್ಲೂ ತೆಂಗಿನ ಬೊಡ್ಡೆಯ ಹತ್ತಿರ ಒಮ್ಮೆ, ಅಟ್ಟದ ಬುಡದಲ್ಲಿ ಒಮ್ಮೆ ನಿಂತು ಕಾಯುತ್ತಿತ್ತು. ಆ ಹೊತ್ತಿಗೆ ಬೇರೆಯವರು ಮುಂದೆ ಹೋಗುತ್ತಿದ್ದರು. ಆದರೆ ಬಸಳೆ ಚಪ್ಪರ ಕ್ಷೇಮವಾಗಿತ್ತು. ಅಜೆಕಾರಿನವರ ಬಗ್ಗಿ ಬರುವಾಗ ಎಡಬಲ ತಪ್ಪಿ ಕಂದಕಕ್ಕೆ ಬಿದ್ದಿತ್ತು. ನಾವು ಇನ್ನೂ ಓಡುತ್ತಿದ್ದೆವು.

ಕೊನೆಯ ಸುತ್ತಿಗೆ ಗದ್ದೆಯ ಆ ತುದಿಯಲ್ಲಿ ಧೂಳು ಎಷ್ಟೆದ್ದಿತ್ತೆಂದರೆ ಬೊಡ್ಡೆಯೇ ಕಾಣುತ್ತಿರಲಿಲ್ಲ. ಅಕ್ಕ ಅಂದಾಜಿನ ಮೇಲೆ ಸುತ್ತಿಸಿ ಬೆರಳು ಬಿಟ್ಟಳು, ರಿಮೋಟ್ ಭಾವನ ಕೈಗೆ ಕೊಟ್ಟಳು. ಆಮೇಲೆ ಹುಬ್ಬಿನ ಮೇಲೆ ಕೈಯಿಟ್ಟು ಧೂಳಿನತ್ತ ನೋಡುತ್ತ ನಿಂತಳು. ಕಾಪುವಿನ ದಡದಲ್ಲಿ ಅವಳು ಹಾಗೆ ನಿಂತದ್ದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಗಾಳಿ ಎದ್ದ ದಿನಗಳಲ್ಲಿ. ಆಗ ದೋಣಿ ತರಬೇಕಾದವರು ಎಲ್ಲಿದ್ದಾರೆಂದು ಅವಳಿಗೆ ಗೊತ್ತಿರುತ್ತಿರಲಿಲ್ಲ. ಈಗ ಅವರು ಪಕ್ಕದಲ್ಲೇ ಇದ್ದರು, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ.

“ಬರುತ್ತದಾ?” ಎಂದಳು.

“ಬರುತ್ತದೆ,” ಎಂದರು ಭಾವ.

ಧೂಳಿನೊಳಗಿಂದ ಟ್ರಕ್ಕು ಹೊರಬಂತು, ಅವಸರವಿಲ್ಲದೆ, ಹೊಂಡಗಳ ನಡುವೆ ದಾರಿ ಹುಡುಕುತ್ತ. ವಿಠಲಣ್ಣ ಮೈಕ್ ಕೆಳಗಿಟ್ಟು ತಾವೇ ಬಾವುಟ ಎತ್ತಿಕೊಂಡರು. ಕುಶನ್ ಹಾಕಿದ ಆ ಒಳ್ಳೆಯ ಕುರ್ಚಿ ಖಾಲಿ ಇತ್ತು. ನಾನೇ ಹೋಗಿ ಅದರಲ್ಲಿ ಕೂತೆ.